ಸಣ್ಣ ಪಾಲನಾ ಮನೆಗಳಲ್ಲಿ ರಾತ್ರಿ ಎಚ್ಚರವಿರುವವರು ಯಾರು?

ಚರ್ಚೆ ಆರಂಭಿಸಿದವರು: ಶಿರಸಿಯ ಅಕ್ಕ

ನನ್ನ ತಮ್ಮನಿಗೆ ಈಗ 38 ವರ್ಷ. ಹುಟ್ಟಿದಾಗಿನಿಂದ ಬುದ್ಧಿಮಾಂದ್ಯತೆ ಇದೆ. ಆರನೆಯ ವಯಸ್ಸಿನಿಂದ ಫಿಟ್ಸ್ ಬರುತ್ತದೆ. ಆಯಿ ಇರುವವರೆಗೂ ಅವನ ಸ್ನಾನ, ಊಟ, ಮಾತ್ರೆ ಎಲ್ಲವೂ ಅವಳ ಕೈಯಲ್ಲೇ ಇತ್ತು. ಅವಳು ತೀರಿಕೊಂಡ ಮೇಲೆ ಎಂಬತ್ತು ದಾಟಿದ ಅಪ್ಪಯ್ಯನಿಂದ ಅದು ಸಾಗಲಿಲ್ಲ; ನಾನೂ ನೌಕರಿ ಬಿಡುವ ಸ್ಥಿತಿಯಲ್ಲಿರಲಿಲ್ಲ. ಹೀಗಾಗಿ ಎರಡು ವರ್ಷಗಳ ಹಿಂದೆ, ಘಟ್ಟದ ಕೆಳಗಿನ ಒಂದು ಊರಿನ ಬಾಡಿಗೆ ಮನೆಯಲ್ಲಿ ಒಂಬತ್ತು ಜನ ವಯಸ್ಕರನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಿರುವ ದಂಪತಿಯ ಬಳಿ ಅವನನ್ನು ಬಿಟ್ಟು ಬಂದೆವು. ಆ ಮನೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ದಯವಿಟ್ಟು ಯಾರೂ ಕೇಳಬೇಡಿ. ಅವರು ಕೆಟ್ಟವರಲ್ಲ. ತಮ್ಮ ಅಲ್ಲಿಗೆ ಹೋದ ಮೇಲೆ ತನ್ನ ಬಟ್ಟೆಯನ್ನು ತಾನೇ ಮಡಚಲು ಕಲಿತಿದ್ದಾನೆ, ಸಂಜೆ ಜಗುಲಿಯಲ್ಲಿ ಕೂತು ತೆಂಗಿನ ಗರಿಯ ಕಡ್ಡಿ ಸೀಳುತ್ತಾನೆ, ನಾನು ಹೋದಾಗ ಉಳಿದವರ ಹೆಸರುಗಳನ್ನು ಒಂದೊಂದಾಗಿ ಹೇಳಿ ಪರಿಚಯಿಸುತ್ತಾನೆ.

ಕಳೆದ ಮಳೆಗಾಲದ ಒಂದು ರಾತ್ರಿ ಬಚ್ಚಲಿಗೆ ಹೋದವನು ಅಲ್ಲೇ ಫಿಟ್ಸ್ ಬಂದು ಬಿದ್ದ. ಭುಜದ ಮೂಳೆ ಮುರಿಯಿತು, ಹಣೆ ಒಡೆಯಿತು. ಎಷ್ಟು ಹೊತ್ತಿಗೆ ಬಿದ್ದನೆಂದು ಇವತ್ತಿಗೂ ಯಾರೂ ಹೇಳಲಾರರು, ಏಕೆಂದರೆ ಅವನನ್ನು ಮೊದಲು ನೋಡಿದ್ದು ಬೆಳಿಗ್ಗೆ ಐದೂವರೆಗೆ ಹಂಡೆಗೆ ಬೆಂಕಿ ಹಾಕಲು ಬಂದ ಅಡುಗೆಯವರು. ಮನೆಯವರು ಮಾಳಿಗೆಯಲ್ಲಿ ಮಲಗುತ್ತಾರೆ. ರಾತ್ರಿ ಒಂಬತ್ತರ ನಂತರ ಕೆಳಗೆ ಎಚ್ಚರವಿರಬೇಕು ಎಂದು ಯಾರನ್ನೂ ನೇಮಿಸಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ವಿಚಾರಿಸಿದಾಗ ಆ ಮನೆಗೆ ನೋಂದಣಿಯೇ ಇಲ್ಲವೆಂದು ತಿಳಿಯಿತು. ಸೇರಿಸುವ ಮೊದಲು ನಾನು ಅದನ್ನು ಕೇಳಿರಲಿಲ್ಲ. ಅಡುಗೆಮನೆ ನೋಡಿದೆ, ಹಾಸಿಗೆ ನೋಡಿದೆ, ಕಾಗದ ನೋಡಲಿಲ್ಲ. ದೂರಿನ ಅರ್ಜಿಯನ್ನು ಬರೆದು ಇಟ್ಟಿದ್ದೇನೆ, ಕೊಟ್ಟಿಲ್ಲ. ಕೊಟ್ಟರೆ ಮನೆ ಮುಚ್ಚಬಹುದು. ಮುಚ್ಚಿದರೆ ಆ ಒಂಬತ್ತು ಜನ ಎಲ್ಲಿಗೆ ಹೋಗಬೇಕು? ಅವರಲ್ಲಿ ಇಬ್ಬರಿಗೆ ಕರೆದರೆ ಬರುವ ಸಂಬಂಧಿಕರೂ ಇಲ್ಲ. ಕೊಡದಿದ್ದರೆ ಮುಂದಿನ ರಾತ್ರಿಯೂ ಹಿಂದಿನಂತೆಯೇ ಇರುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಂಥ ಸಣ್ಣ ಮನೆಗಳು ಬೇಕು. ಅವು ಹೇಗಿರಬೇಕೆಂದು ಹೇಳುವ, ಪಾಲಿಸಲು ಸಾಧ್ಯವಾಗುವ ನಿಯಮಗಳೂ ಬೇಕು. ಆ ನಿಯಮಗಳು ಯಾವುವು, ಅವುಗಳನ್ನು ನೋಡಬೇಕಾದವರು ಯಾರು ಎಂಬುದನ್ನು ತಿಳಿದವರು ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಕಾರವಾರದ ವಕೀಲರು

ಅಕ್ಕ, ಮೊದಲು ಕಾನೂನು ಎಲ್ಲಿ ನಿಂತಿದೆ ಎಂಬುದನ್ನು ಹೇಳುತ್ತೇನೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ, ರಾಜ್ಯ ಸರ್ಕಾರ ನೇಮಿಸಿದ ಸಕ್ಷಮ ಪ್ರಾಧಿಕಾರದಿಂದ ನೋಂದಣಿ ಪ್ರಮಾಣಪತ್ರ ಪಡೆಯದೆ ವಿಕಲಚೇತನರಿಗಾಗಿ ಯಾವ ಸಂಸ್ಥೆಯನ್ನೂ ಸ್ಥಾಪಿಸುವಂತಿಲ್ಲ, ನಡೆಸುವಂತಿಲ್ಲ. ಇಂತಿಷ್ಟು ಜನಕ್ಕಿಂತ ಕಡಿಮೆ ಇದ್ದರೆ ವಿನಾಯಿತಿ ಎಂಬ ಮಾತು ಅಲ್ಲಿಲ್ಲ. ಆದ್ದರಿಂದ ಒಂಬತ್ತು ಜನರ ಬಾಡಿಗೆ ಮನೆಗೂ ನೋಂದಣಿ ಬೇಕು. ಅರ್ಜಿ ಬಂದ 90 ದಿನಗಳೊಳಗೆ ವಿಚಾರಣೆ ಮುಗಿಸಿ ತೀರ್ಮಾನ ಕೊಡಬೇಕೆಂದು 51ನೇ ಸೆಕ್ಷನ್ ಹೇಳುತ್ತದೆ. ಸಿಕ್ಕ ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ತೂಗುಹಾಕಬೇಕು.

ಹಲವರು ಇದನ್ನು ಮಾನಸಿಕ ಆರೋಗ್ಯದ ಕಾನೂನಿನ ವಿಷಯವೆಂದು ಭಾವಿಸುತ್ತಾರೆ. ಅದು ತಪ್ಪು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತನ್ನ ವ್ಯಾಖ್ಯೆಯಲ್ಲಿಯೇ ಬುದ್ಧಿಮಾಂದ್ಯತೆಯನ್ನು ಮಾನಸಿಕ ಕಾಯಿಲೆಯಿಂದ ಹೊರಗಿಟ್ಟಿದೆ. ಹಾಗೆ ಹೊರಗಿಟ್ಟದ್ದು ಸರಿಯೇ. ಆದರೆ ಸರಪಳಿಯಲ್ಲಿ ಕಟ್ಟಬಾರದು, ಕಟ್ಟಿಹಾಕಿದರೆ ದಾಖಲಿಸಬೇಕು ಎಂಬಂಥ ವಿವರವಾದ ರಕ್ಷಣೆಗಳು ಆ ಕಾಯ್ದೆಯಲ್ಲಿವೆ. ನಿಮ್ಮ ತಮ್ಮನಂಥವರ ಮನೆಗಳಿಗೆ ಅವು ನೇರವಾಗಿ ಅನ್ವಯಿಸುವುದಿಲ್ಲ. 18 ವರ್ಷದೊಳಗಿನ ಮಕ್ಕಳನ್ನು ಇಟ್ಟುಕೊಂಡಿದ್ದರೆ 2015ರ ಬಾಲನ್ಯಾಯ ಕಾಯ್ದೆಯಡಿ ಪ್ರತ್ಯೇಕ ನೋಂದಣಿ ಬೇಕು; ಅದು ಬೇರೆಯೇ ಚರ್ಚೆ.

ಮುಚ್ಚುವ ಭಯದ ಬಗ್ಗೆ ಒಂದು ಮಾತು. ನೋಂದಣಿಯಿಲ್ಲದೆ ನಡೆಸಿದ್ದಕ್ಕೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ಎಂದು 89ನೇ ಸೆಕ್ಷನ್ನಿನಿಂದ ತಿಳಿಯುತ್ತದೆ. ನೋಂದಣಿ ಪಡೆದ ಸಂಸ್ಥೆಯ ಪ್ರಮಾಣಪತ್ರವನ್ನು ರದ್ದುಪಡಿಸಿದರೆ, ಅಲ್ಲಿದ್ದವರನ್ನು ಪೋಷಕರಿಗೆ ಒಪ್ಪಿಸಬೇಕೋ ಬೇರೆ ಸಂಸ್ಥೆಗೆ ಕಳುಹಿಸಬೇಕೋ ಎಂದು ಪ್ರಾಧಿಕಾರ ಆದೇಶಿಸಬಹುದೆಂದು 52ನೇ ಸೆಕ್ಷನ್ನಿನಲ್ಲಿದೆ. ಕಾಗದದ ಮೇಲೆ ಇದು ಸಮಾಧಾನ ಕೊಡುತ್ತದೆ. ಆದರೆ ಜಿಲ್ಲೆಯಲ್ಲಿ ಹತ್ತಿರದ ಇನ್ನೊಂದು ಮನೆಯೇ ಇಲ್ಲದಾಗ ಎಲ್ಲಿಗೆ ಕಳುಹಿಸುತ್ತಾರೆ ಎಂಬ ನಿಮ್ಮ ಪ್ರಶ್ನೆಗೆ ಸೆಕ್ಷನ್ನಿನಲ್ಲಿ ಉತ್ತರವಿಲ್ಲ. ಹೊಡೆತ, ಉಪವಾಸ ಕೆಡಹುವುದು, ಲೈಂಗಿಕ ದೌರ್ಜನ್ಯ ಇಂಥವುಗಳ ಸಂಶಯವಿದ್ದರೆ ಮಾತ್ರ ಒಂದು ದಿನವೂ ಕಾಯಬಾರದು. 7ನೇ ಸೆಕ್ಷನ್ನಿನಡಿ ಯಾರು ಬೇಕಾದರೂ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ತಹಶೀಲ್ದಾರರಿಗೆ, ತಿಳಿಸಬಹುದು. ನಿಮ್ಮದು ಆ ಬಗೆಯದಲ್ಲ ಎಂದು ನನಗೆ ತೋರುತ್ತದೆ.

ಹೊನ್ನಾವರ ತಾಲೂಕಿನಲ್ಲಿ ಮನೆ ನಡೆಸುವವರು

ನಾನು ಏಳು ಜನ ವಯಸ್ಕರ ಮನೆ ನಡೆಸುತ್ತಿದ್ದೇನೆ. ಅಕ್ಕ ಬರೆದದ್ದನ್ನು ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮಲ್ಲಿ ಅಂಥದ್ದು ಆಗಿಲ್ಲ. ಆದರೆ ಅದು ನಮ್ಮ ವ್ಯವಸ್ಥೆ ಸರಿಯಾಗಿದ್ದುದರಿಂದಲೋ ದೇವರ ದಯೆಯಿಂದಲೋ ಎಂದು ಕೇಳಿದರೆ ನಾನು ಮೊದಲನೆಯದನ್ನು ಧೈರ್ಯವಾಗಿ ಹೇಳಲಾರೆ.

ನೋಂದಣಿಗೆ ನಾನು ಅರ್ಜಿ ಹಾಕಿದ್ದೆ. ಮನೆ ಬಾಡಿಗೆಯದು. ಮಾಲೀಕರು ಕರಾರು ಬರೆದುಕೊಡಲು ಒಪ್ಪಿದರೂ ಅದನ್ನು ನೋಂದಾಯಿಸಲು ಒಪ್ಪಲಿಲ್ಲ. ಊರವರು ಏನನ್ನುತ್ತಾರೋ ಎಂಬ ಅಳುಕು ಅವರಿಗೆ. ಕಡತ ಅಲ್ಲೇ ನಿಂತಿತು. ಕೇಳುವ ಕಾಗದಗಳಲ್ಲಿ ಹೆಚ್ಚಿನವು ದೊಡ್ಡ ಕಟ್ಟಡ, ದೊಡ್ಡ ಟ್ರಸ್ಟ್, ಬೇರೆಯೇ ಕಚೇರಿ ಕೋಣೆ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡವು ಎಂದು ನನಗೆ ಅನಿಸಿತು. ನಮ್ಮದು ನಾಲ್ಕು ಕೋಣೆ, ಹಿಂದೆ ಬಾವಿ, ಮುಂದೆ ಅಂಗಳ. ಇಲ್ಲಿರುವವರು ಬೆಳಿಗ್ಗೆ ಹಾಲು ತರಲು ಅಂಗಡಿಗೆ ಹೋಗುತ್ತಾರೆ, ಅಂಗಡಿಯವರಿಗೆ ಇವರೆಲ್ಲರ ಹೆಸರು ಗೊತ್ತು. ನಿಯಮಗಳಿಗೆ ಹೊಂದಬೇಕೆಂದು ಐವತ್ತು ಹಾಸಿಗೆಯ ಕಟ್ಟಡ ಕಟ್ಟಿದ ದಿನವೇ ಇದು ಮನೆಯಾಗಿ ಉಳಿಯುವುದಿಲ್ಲ. ಅದೇ ಕಾಯ್ದೆಯ 5ನೇ ಸೆಕ್ಷನ್ ವಿಕಲಚೇತನರಿಗೆ ಸಮುದಾಯದ ನಡುವೆ ಬದುಕುವ ಹಕ್ಕಿದೆ, ಯಾವುದೋ ಒಂದು ಬಗೆಯ ವಸತಿಯಲ್ಲಿಯೇ ಇರಬೇಕೆಂದು ಅವರನ್ನು ಕಟ್ಟುಪಾಡಿಗೆ ಒಳಪಡಿಸಬಾರದು ಎನ್ನುತ್ತದೆ. ಸಣ್ಣ ಮನೆಗಳನ್ನು ಉಳಿಸದೆ ಆ ಹಕ್ಕು ಉಳಿಯುವುದಾದರೂ ಹೇಗೆ?

ಈಗ ರಾತ್ರಿಯ ವಿಷಯ. ಇದರ ಲೆಕ್ಕ ಹೊರಗಿನವರಿಗೆ ತಿಳಿದಿರುವುದಿಲ್ಲ. ವರ್ಷಕ್ಕೆ 365 ರಾತ್ರಿಗಳು. ಒಬ್ಬರನ್ನು ರಾತ್ರಿ ಎಚ್ಚರವಿರಲು ನೇಮಿಸಿ ವಾರಕ್ಕೊಂದು ರಜೆ ಕೊಟ್ಟರೆ 313 ರಾತ್ರಿ ಉಳಿಯುತ್ತದೆ. ಹಬ್ಬ, ಜ್ವರ, ಮದುವೆ, ಗದ್ದೆ ನೆಟ್ಟಿ ಎಂದು ಕಳೆದರೆ 290 ಸಿಕ್ಕರೆ ದೊಡ್ಡದು. ಉಳಿದ 75 ರಾತ್ರಿಗಳಿಗೆ ಇನ್ನೊಬ್ಬರು ಬೇಕು, ಮತ್ತು ವರ್ಷಕ್ಕೆ 75 ದಿನದ ಕೆಲಸಕ್ಕೆಂದು ಯಾರೂ ಕಾದು ಕೂತಿರುವುದಿಲ್ಲ. ಹೀಗೆ ಒಂದು ಕುರ್ಚಿಗೆ ಇಬ್ಬರ ಸಂಬಳ. ಮೂವತ್ತು ಜನರಿರುವ ಸಂಸ್ಥೆಗೂ ರಾತ್ರಿಗೆ ಇಬ್ಬರು ಸಾಕಾಗಬಹುದು. ಅಲ್ಲಿ ಆ ಖರ್ಚನ್ನು ಮೂವತ್ತು ಕುಟುಂಬಗಳು ಹಂಚಿಕೊಳ್ಳುತ್ತವೆ, ನಮ್ಮಲ್ಲಿ ಏಳು. ಅವರಲ್ಲಿ ಮೂವರು ಏನೂ ಕೊಡಲಾರರು. ಅದಕ್ಕಾಗಿ ಮನೆಯವರೇ ಎಚ್ಚರವಿದ್ದೇವೆಂದು ಹೇಳಿಕೊಂಡು ಮಲಗುತ್ತೇವೆ. ಇದು ನಾನು ಒಪ್ಪಿಕೊಳ್ಳುತ್ತಿರುವ ತಪ್ಪು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಒಬ್ಬರು ರಾತ್ರಿ ಎದ್ದು ಹೆದ್ದಾರಿಯ ಕಡೆಗೆ ನಡೆದುಬಿಡುತ್ತಾರೆ. ಆ ಕಾರಣಕ್ಕೆ ಮುಂಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ನನ್ನ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತೇನೆ. ಬೀಗ ಹಾಕದಿದ್ದರೆ ಲಾರಿಯ ಭಯ, ಹಾಕಿದರೆ ಬೆಂಕಿಯ ಭಯ. ಇದಕ್ಕೆ ದಾರಿ ಹೇಳುವವರಿದ್ದರೆ ಹೇಳಿ.

ಅಂಕೋಲಾದ ನಿವೃತ್ತ ಶುಶ್ರೂಷಕಿ

ಹೊನ್ನಾವರದವರೇ, ಇಷ್ಟು ನೇರವಾಗಿ ಬರೆದದ್ದಕ್ಕೆ ಧನ್ಯವಾದ. ನಿಮ್ಮ ದಿಂಬಿನ ಕೆಳಗಿನ ಕೀಲಿಯಿಂದಲೇ ಆರಂಭಿಸುತ್ತೇನೆ.

2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಎರವಾಡಿಯಲ್ಲಿ ಒಂದು ಗುಡಿಸಲಿಗೆ ಬೆಂಕಿ ಬಿದ್ದು 28 ಜನ ಸತ್ತರು. ಅವರು ಮಾನಸಿಕ ಕಾಯಿಲೆಯವರು, ಅದು ಬೇರೆ ಬಗೆಯ ಜಾಗ, ನಿಜ. ಆದರೆ ಅವರು ಸತ್ತದ್ದು ಸರಪಳಿಯಲ್ಲಿದ್ದುದರಿಂದ, ಅದೂ ಊರು ಮಲಗಿದ್ದ ಹೊತ್ತಿನಲ್ಲಿ. ಅಂದಿನಿಂದ ನಾನು ಯಾವ ಪಾಲನಾ ಮನೆಗೆ ಹೋದರೂ ಮೊದಲು ಕೇಳುವುದು ಬೀಗದ ಬಗ್ಗೆ. ಮಲಗುವ ಕೋಣೆಗೆ ಹೊರಗಿನಿಂದ ಚಿಲಕ ಇರಲೇಬಾರದು. ಮುಂಬಾಗಿಲಿಗೆ ಬೀಗ ಬೇಕೇ ಬೇಕಾದರೆ, ಬಾಗಿಲಿರುವ ಮಟ್ಟದಲ್ಲಿಯೇ ಎಚ್ಚರವಿರುವ ವ್ಯಕ್ತಿಯ ಕೊರಳಲ್ಲಿ ಒಂದು ಕೀಲಿ, ಒಳಗಿನ ಗೋಡೆಯ ಗೊತ್ತಾದ ಮೊಳೆಯಲ್ಲಿ ಇನ್ನೊಂದು ಕೀಲಿ ಇರಬೇಕು. ನಡೆದುಹೋಗುವ ಅಭ್ಯಾಸವಿರುವವರಿಗೆ ಬಾಗಿಲಿಗೆ ಗಂಟೆ ಕಟ್ಟಿ. ಬಾಗಿಲು ತೆರೆದಾಗ ಸದ್ದಾಗುವ ಸಣ್ಣ ಉಪಕರಣವೂ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಗಂಟೆ ಕೇಳಿಸಿಕೊಳ್ಳಲು ಎಚ್ಚರವಿರುವ ಕಿವಿ ಬೇಕು. ಮತ್ತೆ ನಾವು ಅದೇ ಕುರ್ಚಿಗೆ ಬರುತ್ತೇವೆ.

ರಾತ್ರಿ ಕಾಯುವವರಿಲ್ಲದ ಮನೆಯಲ್ಲಿ ಆ ಕೆಲಸವನ್ನು ಮಾತ್ರೆಗೆ ಒಪ್ಪಿಸುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಂದೋ ಒಮ್ಮೆ ವೈದ್ಯರು ಕೆಲವು ದಿನಗಳಿಗೆಂದು ಬರೆದ ನಿದ್ದೆಯ ಮಾತ್ರೆ ಮೂರು ವರ್ಷವಾದರೂ ನಡೆಯುತ್ತಿರುತ್ತದೆ, ಏಕೆಂದರೆ ಅದನ್ನು ಕೊಟ್ಟರೆ ಎಲ್ಲರೂ ಬೆಳಗಿನವರೆಗೆ ಏಳುವುದಿಲ್ಲ. ಬೆಳಿಗ್ಗೆ ಬಂದವರಿಗೆ ಮನೆ ಶಾಂತವಾಗಿ ಕಾಣುತ್ತದೆ. ಹಗಲಲ್ಲಿ ತೂಗಾಡುತ್ತ ನಡೆಯುವವರನ್ನು, ಜೊಲ್ಲು ಸುರಿಸುತ್ತ ಕುಳಿತವರನ್ನು ಕಂಡರೆ ಅದು ಅವರ ಬುದ್ಧಿಮಾಂದ್ಯತೆಯೆಂದು ನಾವು ತಿಳಿಯುತ್ತೇವೆ. ಎಷ್ಟೋ ಸಲ ಅದು ಹಿಂದಿನ ರಾತ್ರಿಯ ಮಾತ್ರೆ. ಆದ್ದರಿಂದ ಪ್ರತಿಯೊಬ್ಬರಿಗೂ ಒಂದು ಔಷಧ ಹಾಳೆ ಇರಬೇಕು: ಯಾವ ಮಾತ್ರೆ, ಯಾರು ಬರೆದದ್ದು, ಯಾತಕ್ಕೆ, ಮತ್ತೆ ಯಾವಾಗ ತೋರಿಸಬೇಕು, ಕೊಟ್ಟವರ ಸಹಿ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರ ತಪಾಸಣೆ ಇಟ್ಟಿರುವುದರಿಂದ ಮಾತ್ರೆಗಳನ್ನು ಮತ್ತೆ ಪರಿಶೀಲಿಸಲು ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಲೇಬೇಕೆಂದಿಲ್ಲ.

ಫಿಟ್ಸ್ ಬಗ್ಗೆ: ನೋಡಿಕೊಳ್ಳುವವರಲ್ಲಿ ಎಷ್ಟೋ ಜನ ಇನ್ನೂ ಕೈಗೆ ಕಬ್ಬಿಣ ಹಿಡಿಸುತ್ತಾರೆ, ಹಲ್ಲಿನ ನಡುವೆ ಚಮಚ ತುರುಕುತ್ತಾರೆ. ಎರಡೂ ಬೇಡ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಯೇ. ಈ ಐದು ನಿಮಿಷವನ್ನು ಎಣಿಸುವವರಿಲ್ಲದ ಮನೆಗೆ ಫಿಟ್ಸ್ ಇರುವವರನ್ನು ಸೇರಿಸಿಕೊಳ್ಳಲು ಅನುಮತಿ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಠಿಣವೆನಿಸಬಹುದು, ಆದರೆ ಅಕ್ಕನ ತಮ್ಮ ಬದುಕಿ ಉಳಿದದ್ದು ಕೂದಲೆಳೆಯಲ್ಲಿ.

ಯಲ್ಲಾಪುರದ ಒಬ್ಬ ತಂದೆ

ನನ್ನ ಮಗಳಿಗೆ 26 ವರ್ಷ. ಅವಳನ್ನು ಇನ್ನೂ ಎಲ್ಲಿಗೂ ಕಳುಹಿಸಿಲ್ಲ, ಕಳುಹಿಸುವ ದಿನ ದೂರವೂ ಇಲ್ಲ. ನನಗೂ ಅವಳ ತಾಯಿಗೂ ವಯಸ್ಸಾಗುತ್ತಿದೆ; ಅಡಿಕೆ ಕೊನೆ ಕೊಯ್ಲಿನ ದಿನಗಳಲ್ಲಿ ಅವಳನ್ನು ಯಾರ ಬಳಿ ಬಿಡುವುದೆಂಬುದೇ ಪ್ರತಿವರ್ಷದ ಚಿಂತೆ.

ಶುಶ್ರೂಷಕಿಯವರು ಹೇಳಿದ ಒಂದೊಂದೂ ಸರಿ. ಆದರೆ ಅನುಮತಿ ಕೊಡಬಾರದು ಎಂಬ ಮಾತನ್ನು ಕೇಳಿದಾಗ ನನ್ನಂಥವರಿಗೆ ಬಾಗಿಲು ಮುಚ್ಚಿದ ಸದ್ದು ಕೇಳಿಸುತ್ತದೆ. ನನ್ನ ಮಗಳಿಗೂ ಫಿಟ್ಸ್ ಇದೆ. ಎಲ್ಲ ಮನೆಗಳೂ ಕಾನೂನಿಗೆ ಹೆದರಿ ಫಿಟ್ಸ್ ಇಲ್ಲದವರನ್ನು, ಹಾಸಿಗೆ ಒದ್ದೆ ಮಾಡದವರನ್ನು, ಕೂಗದವರನ್ನು ಮಾತ್ರ ಸೇರಿಸಿಕೊಂಡರೆ, ಹೆಚ್ಚು ಆಸರೆ ಬೇಕಾದವರೇ ಹೊರಗೆ ಉಳಿಯುತ್ತಾರೆ. ಆಗ ಅವರು ಇರುವುದು ಯಾವ ಮನೆಯಲ್ಲಿ? ಹೆಬ್ಬಾಗಿಲಿನ ಹಿಂದಿನ ಕೋಣೆಯಲ್ಲಿ, ಮುದುಕರಾದ ತಂದೆತಾಯಿಯ ಬಳಿ. ಅಲ್ಲಿಗೆ ಯಾವ ತಪಾಸಣಾಧಿಕಾರಿಯೂ ಬರುವುದಿಲ್ಲ. ನಿಯಮ ಬಿಗಿಯಾದಷ್ಟೂ ಕುರ್ಚಿಯ ಸಂಬಳಕ್ಕೆ ಸರ್ಕಾರದ ನೆರವೂ ಬರಲಿ. ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಬೇಕು.

ಅಂಕೋಲಾದ ನಿವೃತ್ತ ಶುಶ್ರೂಷಕಿ

ನಿಮ್ಮ ಮಾತು ನನ್ನನ್ನು ತಟ್ಟಿತು. ನನ್ನ ವಾಕ್ಯವನ್ನು ತಿದ್ದಿಕೊಳ್ಳುತ್ತೇನೆ: ಫಿಟ್ಸ್ ಇರುವವರನ್ನು ಸೇರಿಸಿಕೊಂಡ ಮನೆಗೆ ರಾತ್ರಿಯ ವ್ಯಕ್ತಿಯನ್ನು ಒದಗಿಸುವ ಹೊಣೆ ಆ ಮನೆಯದಷ್ಟೇ ಆಗಬಾರದು.

ಕಾರವಾರದ ವಕೀಲರು

ನೆರವಿನ ಬಗ್ಗೆ ಒಂದು ಸಣ್ಣ ಸೇರ್ಪಡೆ. ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಸರ್ಕಾರವು ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ನೋಂದಾಯಿತ ಸಂಸ್ಥೆಗಳಿಗೆ ಹಣಕಾಸಿನ ನೆರವು ಕೊಡಬಹುದು. ಕೊಡಲೇಬೇಕೆಂದು ಇಲ್ಲ. ಆದರೂ ನೋಂದಣಿಯಿಲ್ಲದೆ ಕೇಳುವ ಬಾಯಿಯೇ ಇರುವುದಿಲ್ಲ ಎಂಬುದನ್ನು ಮನೆ ನಡೆಸುವವರು ಗಮನಿಸಬೇಕು. ಮತ್ತೊಂದು ಕೊರತೆಯನ್ನೂ ಹೇಳಬೇಕು: 54ನೇ ಸೆಕ್ಷನ್ ಸರ್ಕಾರವೇ ನಡೆಸುವ ಸಂಸ್ಥೆಗಳನ್ನು ಈ ನೋಂದಣಿಯ ಅಧ್ಯಾಯದಿಂದ ಹೊರಗಿಟ್ಟಿದೆ. 2024ರ ಜುಲೈ ತಿಂಗಳೊಂದರಲ್ಲೇ ಬುದ್ಧಿಮಾಂದ್ಯತೆ ಇರುವವರಿಗಾಗಿ ದೆಹಲಿ ಸರ್ಕಾರ ನಡೆಸುವ ಆಶಾ ಕಿರಣ ವಸತಿಗೃಹದಲ್ಲಿ ಹತ್ತಕ್ಕೂ ಹೆಚ್ಚು ಸಾವುಗಳಾದ ಸುದ್ದಿಯನ್ನು ದೇಶವೆಲ್ಲ ಓದಿತು. ಅಲ್ಲಿ ಸಾಮರ್ಥ್ಯಕ್ಕಿಂತ ಬಹಳ ಹೆಚ್ಚು ಜನರಿದ್ದರು. ನಿಯಮ ಬರೆಯುವವರ ಮನೆಗೂ ಅದೇ ನಿಯಮ ಇರಬೇಕಾಗಿತ್ತು.

ದಾಂಡೇಲಿಯಿಂದ (ನಾನು ಹೇಳಿದ್ದನ್ನು ಅತ್ತಿಗೆ ಬರೆಯುತ್ತಿದ್ದಾರೆ)

ನನಗೆ 29 ವರ್ಷ. ನಾನು ನಾಲ್ಕು ವರ್ಷ ಒಂದು ಮನೆಯಲ್ಲಿ ಇದ್ದೆ. ಈಗ ಅಣ್ಣ ಅತ್ತಿಗೆ ಜೊತೆ ಇದ್ದೇನೆ. ಅಲ್ಲಿ ಊಟ ಚೆನ್ನಾಗಿತ್ತು. ಸಾಹೇಬರು ಬಂದಾಗ ಹೊಸ ಬಟ್ಟೆ ಹಾಕಿಸುತ್ತಿದ್ದರು. ಸಾಹೇಬರು ನನ್ನ ಹತ್ತಿರ ಏನೂ ಕೇಳಲಿಲ್ಲ. ಮೇಡಂ ಹತ್ತಿರ ಕೇಳಿದರು. ರಾತ್ರಿ ನನಗೆ ಹೆದರಿಕೆ ಆಗುತ್ತಿತ್ತು, ದೀಪ ಆರಿಸುತ್ತಿದ್ದರು. ಬಚ್ಚಲಿಗೆ ಹೋಗಬೇಕೆಂದರೆ ಬೆಳಗಾಗಲಿ ಎನ್ನುತ್ತಿದ್ದರು. ನನ್ನ ಹತ್ತಿರ ಕೇಳಿದ್ದರೆ ದೀಪ ಬೇಕು ಎಂದು ಹೇಳುತ್ತಿದ್ದೆ. ರಾತ್ರಿ ಯಾರೋ ಗೊತ್ತಿಲ್ಲದ ಗಂಡಸರು ತಪಾಸಣೆ ಎಂದು ಕೋಣೆಯ ಒಳಗೆ ಬರುವುದು ನನಗೆ ಬೇಡ. ಹೆಂಗಸರು ಬಂದು ಹೊರಗೆ ನಿಂತು ಕೇಳಲಿ.

ಕುಮಟಾದವರು, ಸಮಾಜಕಾರ್ಯದ ವಿದ್ಯಾರ್ಥಿ

ದಾಂಡೇಲಿಯ ಅಕ್ಕ ಹೇಳಿದ ಮಾತನ್ನು ನಮ್ಮ ತರಗತಿಯಲ್ಲಿ ಓದಿಸಬೇಕೆಂದು ಅನಿಸುತ್ತಿದೆ. ತಪಾಸಣೆ ಇದ್ದರೆ ಸಾಕು ಎಂದು ನಂಬುವವರಿಗಾಗಿ ಒಂದು ಉದಾಹರಣೆ ಕೊಡುತ್ತೇನೆ. ಇಂಗ್ಲೆಂಡಿನ ಬ್ರಿಸ್ಟಲ್ ಬಳಿ ವಿಂಟರ್‌ಬೋರ್ನ್ ವ್ಯೂ ಎಂಬ, ಬುದ್ಧಿಮಾಂದ್ಯತೆ ಇರುವವರ 24 ಹಾಸಿಗೆಯ ಖಾಸಗಿ ಆಸ್ಪತ್ರೆಯಿತ್ತು. ಅದಕ್ಕೆ ನೋಂದಣಿ ಇತ್ತು, ತಪಾಸಣೆ ನಡೆಸುವ ರಾಷ್ಟ್ರೀಯ ಸಂಸ್ಥೆಯೂ ಇತ್ತು. ಒಳಗಿನ ಒಬ್ಬ ಹಿರಿಯ ಶುಶ್ರೂಷಕರು ದೂರನ್ನೂ ಕೊಟ್ಟಿದ್ದರು. ಆದರೂ ಸಿಬ್ಬಂದಿಯ ಹಿಂಸೆ ಹೊರಬಿದ್ದದ್ದು 2011ರಲ್ಲಿ ಬಿಬಿಸಿಯ ವರದಿಗಾರನೊಬ್ಬ ಕೆಲಸಗಾರನಂತೆ ಸೇರಿಕೊಂಡು ಗುಪ್ತ ಕ್ಯಾಮೆರಾದಲ್ಲಿ ಚಿತ್ರೀಕರಿಸಿದ ಮೇಲೆ. ಹಣ, ಕಚೇರಿ, ಅಧಿಕಾರಿಗಳು ಎಲ್ಲ ಇರುವ ದೇಶದಲ್ಲಿ ಹೀಗಾಯಿತು. ಹೊರಗಿನವರು ದಿನವೂ ಬಂದು ಹೋಗದ, ಸಂಬಂಧಿಕರನ್ನು ಕೋಣೆಯವರೆಗೆ ಬಿಡದ ಜಾಗದಲ್ಲಿ ಪ್ರಮಾಣಪತ್ರಕ್ಕೆ ಹೆಚ್ಚಿನ ಬೆಲೆಯಿರುವುದಿಲ್ಲ. ಮುನ್ಸೂಚನೆಯಿಲ್ಲದೆ ಬರುವ ಹಕ್ಕು ಮೊದಲು ಕುಟುಂಬದವರಿಗೆ ಸಿಗಬೇಕು.

ಜೋಯಿಡಾ ಕಡೆಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ

ಜಿಲ್ಲೆಯ ಭೂಗೋಳವನ್ನು ಬಿಟ್ಟು ಈ ಚರ್ಚೆ ನಡೆಯಬಾರದು ಎಂದು ಬರೆಯುತ್ತಿದ್ದೇನೆ. ಹನ್ನೆರಡು ತಾಲೂಕು, ನಡುವೆ ಘಟ್ಟ. ಶಿರಸಿಯಿಂದ ಕಾರವಾರಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು. ಜಿಲ್ಲಾ ಕಚೇರಿಯ ಒಬ್ಬ ಅಧಿಕಾರಿ ಎಲ್ಲ ಮನೆಗಳನ್ನೂ ಆಗಾಗ ನೋಡುವುದು ಸಾಧ್ಯವಿಲ್ಲದ ಮಾತು. ಅವರು ಬಂದರೂ ಹಗಲು ಹನ್ನೊಂದರ ಮೇಲೆಯೇ ತಲುಪುತ್ತಾರೆ. ಆದರೆ ಪಂಚಾಯಿತಿಗೆ ಒಬ್ಬರಂತೆ ನಾವಿದ್ದೇವೆ, ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ), ಪಿಂಚಣಿ, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ, ಇವುಗಳಿಗಾಗಿ ನಾವು ಹೇಗೂ ಮನೆಮನೆಗೆ ಹೋಗುತ್ತೇವೆ. ತಿಂಗಳಿಗೊಮ್ಮೆ ಪಾಲನಾ ಮನೆಗೂ ಹೋಗಿ ಅಲ್ಲಿರುವವರೊಡನೆ ಒಬ್ಬೊಬ್ಬರಾಗಿ ಮಾತಾಡಿ ಬರೆಯುವ ಅಧಿಕಾರವನ್ನು ನಮಗೆ ಲಿಖಿತವಾಗಿ ಕೊಟ್ಟರೆ ಮಾಡುತ್ತೇವೆ. ಗೌರವಧನ ಕಡಿಮೆ, ಕೆಲಸ ಹೆಚ್ಚು ಎಂಬುದನ್ನೂ ಹೇಳಬೇಕಾಗಿದೆ. ಪ್ರಯಾಣದ ಖರ್ಚನ್ನಾದರೂ ಕೊಡಬೇಕು.

ಎರಡನೆಯದು ಮಳೆ. 2019ರಲ್ಲಿ, 2021ರಲ್ಲಿ ಕಾಳಿ, ಗಂಗಾವಳಿ ನದಿಗಳ ದಡದ ಊರುಗಳಿಗೆ ನೀರು ನುಗ್ಗಿದ್ದನ್ನು, 2021ರಲ್ಲೇ ಕಳಚೆಯಲ್ಲಿ ಗುಡ್ಡ ಜಾರಿದ್ದನ್ನು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದದ್ದನ್ನು ನಾವೆಲ್ಲ ಕಂಡಿದ್ದೇವೆ. ನದಿಗೆ ನೀರು ಬಿಡುತ್ತಾರೆಂಬ ಎಚ್ಚರಿಕೆ ರಾತ್ರಿ ಬಂದರೆ, ನಡೆಯಲಾಗದ ಇಬ್ಬರು, ಕತ್ತಲಿಗೆ ಹೆದರುವ ಮೂವರು, ಹೊಸ ಜಾಗವೆಂದರೆ ಕೂಗುವ ಒಬ್ಬರು ಇರುವ ಮನೆಯನ್ನು ಖಾಲಿ ಮಾಡಲು ಎಷ್ಟು ಹೊತ್ತು ಬೇಕು? ಪ್ರತಿ ಮನೆಯೂ ಮಳೆಗಾಲಕ್ಕೆ ಮೊದಲು ಒಂದು ಸಲ ಕತ್ತಲಲ್ಲಿ ಅಭ್ಯಾಸ ಮಾಡಿ ಗಡಿಯಾರ ನೋಡಬೇಕು. ಜಿಲ್ಲೆಯಲ್ಲಿರುವ ವಿಕಲಚೇತನರ ವಿವರವನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇಟ್ಟುಕೊಂಡು ಅಪಾಯದ ಸೂಚನೆಯನ್ನು ಅವರಿಗೆ ತಲುಪಿಸಬೇಕೆಂದು ಅದೇ ಕಾಯ್ದೆಯ 8ನೇ ಸೆಕ್ಷನ್ನಿನಲ್ಲಿದೆ ಎಂದು ತರಬೇತಿಯಲ್ಲಿ ನಮಗೆ ಹೇಳಿದ್ದರು. ನೋಂದಣಿಯಿಲ್ಲದ ಮನೆ ಆ ಪಟ್ಟಿಗೆ ಸೇರುವುದು ಹೇಗೆ? ಗುಟ್ಟಾಗಿ ನಡೆಯುವ ಮನೆಗೆ ದೋಣಿಯೂ ಬರುವುದಿಲ್ಲ.

ಹೊನ್ನಾವರ ತಾಲೂಕಿನಲ್ಲಿ ಮನೆ ನಡೆಸುವವರು

ನಿನ್ನೆ ರಾತ್ರಿ ಹತ್ತಕ್ಕೆ ನಾವು ಅಭ್ಯಾಸ ಮಾಡಿ ನೋಡಿದೆವು. ಏಳು ಜನರನ್ನು ಅಂಗಳಕ್ಕೆ ತರಲು 19 ನಿಮಿಷ ಬೇಕಾಯಿತು. ಅದರಲ್ಲಿ ನಾಲ್ಕು ನಿಮಿಷ ಕೀಲಿ ಹುಡುಕಲು ಹೋಯಿತು. ದಿಂಬಿನ ಕೆಳಗೆ ಇರಲಿಲ್ಲ, ಹಾಸಿಗೆಯ ಹಿಂದೆ ಬಿದ್ದಿತ್ತು. ಇವತ್ತು ಎರಡು ಕೀಲಿ ಮಾಡಿಸಿದ್ದೇನೆ.

ಶಿರಸಿಯ ಅಕ್ಕ

ಎಲ್ಲರ ಬರಹವನ್ನೂ ಎರಡೆರಡು ಸಲ ಓದಿದೆ. ಅಪ್ಪಯ್ಯನಿಗೂ ಓದಿ ಹೇಳಿದೆ. ಬರೆದಿಟ್ಟ ದೂರನ್ನು ನಾನು ಕೊಡುವುದಿಲ್ಲ, ಸುಮ್ಮನೆ ಕೂರುವುದೂ ಇಲ್ಲ. ಮೊನ್ನೆ ಆ ಮನೆಗೆ ಹೋಗಿ ದಂಪತಿಯ ಎದುರು ಕೂತು ಮಾತಾಡಿದೆ. ಮೊದಲು ಅವರು ಅತ್ತರು, ಆಮೇಲೆ ಸಿಟ್ಟು ಮಾಡಿಕೊಂಡರು, ಕೊನೆಗೆ ನೋಂದಣಿಯ ಅರ್ಜಿ ಹಾಕಲು ಒಪ್ಪಿದರು. ಅರ್ಜಿಯ ಕಾಗದಗಳಿಗೆ ವಕೀಲರು ನೆರವಾಗುತ್ತೇನೆಂದಿದ್ದಾರೆ. ಅಲ್ಲಿರುವವರಲ್ಲಿ ಕುಟುಂಬವಿರುವ ಏಳು ಜನರ ಮನೆಯವರು ಸೇರಿ ಜಿಲ್ಲಾಧಿಕಾರಿಗಳಿಗೆ ಒಂದು ಮನವಿ ಕೊಡುತ್ತಿದ್ದೇವೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಅವರ ಅಧ್ಯಕ್ಷತೆಯಲ್ಲಿ ಸ್ಥಳೀಯ ಮಟ್ಟದ ಸಮಿತಿ ಇದೆ, ಅದು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸಂಬಂಧಿಕರಿಲ್ಲದ ಆ ಇಬ್ಬರಿಗೆ ಪೋಷಕರನ್ನು ನೇಮಿಸಲು ಕೇಳುವುದು ಅಲ್ಲಿಯೇ.

ಮನವಿಯಲ್ಲಿ ಹತ್ತು ಜನರವರೆಗಿನ ಮನೆಗಳಿಗೆ ಬೇರೆಯದೇ ಮಾನದಂಡ ಮಾಡಿ ಎಂದು ಬರೆದಿದ್ದೇವೆ. ಕೋಣೆಯ ಅಳತೆ, ಕಚೇರಿ, ಬಾಡಿಗೆ ಕರಾರಿನ ಬಗೆ ಇವುಗಳಲ್ಲಿ ಸಡಿಲಿಕೆ ಇರಲಿ, ಕೊರತೆ ಸರಿಪಡಿಸಿಕೊಳ್ಳಲು ತಾತ್ಕಾಲಿಕ ನೋಂದಣಿ ಕೊಟ್ಟು ಒಂದು ವರ್ಷದ ಅವಕಾಶ ಇರಲಿ. ಆದರೆ ರಾತ್ರಿ ಎಚ್ಚರವಿರುವ ವ್ಯಕ್ತಿ, ಒಳಗಿನಿಂದ ತೆರೆಯುವ ಬಾಗಿಲು, ಔಷಧ ಹಾಳೆ, ಕುಟುಂಬದವರು ಯಾವ ಹೊತ್ತಿಗೂ ಬರಬಹುದೆಂಬ ಒಪ್ಪಂದ, ಇವುಗಳಲ್ಲಿ ಒಂದು ದಿನದ ಸಡಿಲಿಕೆಯೂ ಬೇಡ. ಆ ರಾತ್ರಿಯ ವ್ಯಕ್ತಿಯ ಸಂಬಳದಲ್ಲಿ ಸರ್ಕಾರದ ಪಾಲು ಬೇಕು ಎಂದು ಯಲ್ಲಾಪುರದ ತಂದೆಯವರ ಮಾತನ್ನು ಅವರದೇ ಶಬ್ದಗಳಲ್ಲಿ ಸೇರಿಸಿದ್ದೇವೆ. ವರ್ಷಕ್ಕೆ ಎರಡು ತಪಾಸಣೆಗಳಾದರೂ ರಾತ್ರಿ ಒಂಬತ್ತರ ನಂತರ ನಡೆಯಬೇಕು, ಹೆಂಗಸರಿರುವ ಮನೆಗೆ ಹೆಂಗಸರೇ ಹೋಗಬೇಕು, ಒಪ್ಪಿಗೆಯಿಲ್ಲದೆ ಮಲಗುವ ಕೋಣೆಯ ಒಳಗೆ ಕಾಲಿಡಬಾರದು, ಮೊದಲ ಪ್ರಶ್ನೆಯನ್ನು ಅಲ್ಲಿ ವಾಸಿಸುವವರಿಗೇ ಕೇಳಬೇಕು ಎಂಬುದು ದಾಂಡೇಲಿಯ ತಂಗಿ ಬರೆಸಿದ ಸಾಲು. ಕರಡನ್ನು ಓದಿ ತಿದ್ದಬೇಕೆನಿಸಿದರೆ ಈ ವಾರದೊಳಗೆ ತಿಳಿಸಿ.

ರಾತ್ರಿಗೆ ಒಬ್ಬರು ಸಿಗುವವರೆಗೆ ನಾವು ಕುಟುಂಬದವರು ಪಾಳಿ ಹಾಕಿಕೊಂಡಿದ್ದೇವೆ. ವಾರದಲ್ಲಿ ಐದು ರಾತ್ರಿಗಳು ಹೊಂದಿಕೊಂಡಿವೆ. ಶನಿವಾರ ನನ್ನದು, ಜಗುಲಿಯಿಂದ ಬಚ್ಚಲಿನವರೆಗಿನ ಓಣಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಮಂಗಳವಾರ ಮತ್ತು ಗುರುವಾರಕ್ಕೆ ಇನ್ನೂ ಯಾರೂ ಇಲ್ಲ. ಕುಮಟಾ, ಹೊನ್ನಾವರದ ಕಡೆಯ ಯಾರಾದರೂ ಬರಬಲ್ಲಿರಾದರೆ ಇಲ್ಲಿಯೇ ಬರೆಯಿರಿ.